ಗೇರ್ ಎಷ್ಟು ಗಂಟೆಗೆ ಕೆಟ್ಟಿತು? ಹಲ್ಲುಚಕ್ರದ ಹಿನ್ನೆಲೆ ಹೊಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಕ್ವಿಲ್ಟ್‌ನ (ಎರಡು ಬಟ್ಟೆಯ ನಡುವೆ ಹತ್ತಿ ಇಟ್ಟು ಹೊಲಿದ ಕೌದಿ) ಹಿನ್ನೆಲೆ, ಅಂದರೆ ಚಿತ್ರದ ಸುತ್ತಲಿನ ಜಾಗ ತುಂಬಲು ಅಂಕುಡೊಂಕು ಗೆರೆ ಹೊಲಿದರೆ ಅರ್ಧ ತಪ್ಪು ಆ ಗೆರೆಯಲ್ಲೇ ಮುಚ್ಚಿಹೋಗುತ್ತದೆ. ಗೇರ್ ಹೊಲಿದರೆ ಹಾಗಾಗುವುದಿಲ್ಲ. ಚಕ್ರ ಅಂದಮೇಲೆ ದುಂಡಗಿರಬೇಕು, ಹಲ್ಲು ಅಂದಮೇಲೆ ಸಮ ಇರಬೇಕು. ಇದು ನೋಡುವವರ ಕಣ್ಣಿಗೆ ಮೊದಲೇ ಗೊತ್ತು. ಹಾಗಾಗಿ ಮೆಷಿನ್‌ನ ಸಣ್ಣ ಕೊರತೆಯೂ ಕೈಯ ಸಣ್ಣ ತಡವರಿಕೆಯೂ ಇಲ್ಲಿ ಎದ್ದು ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. 2 ಇಂಚು ಅಗಲದ ಗೇರ್‌ನ ಸುತ್ತಳತೆ 6 ಇಂಚಿಗಿಂತ ಸ್ವಲ್ಪ ಜಾಸ್ತಿ. ಕಾಲು ಇಂಚಿನ ಹಲ್ಲು, ಕಾಲು ಇಂಚಿನ ಸಂದು ಹಾಕುತ್ತಾ ಹೋದರೆ ಅಲ್ಲಿ 12 ಹಲ್ಲು ಕೂರುತ್ತವೆ. ಹಲ್ಲಿನ ಎತ್ತರವೂ ಕಾಲು ಇಂಚು ಅಂದುಕೊಳ್ಳಿ. ಏರು, ತಲೆ, ಇಳಿ, ಸಂದು ಸೇರಿ ಒಂದು ಹಲ್ಲಿಗೆ ಸುಮಾರು 1 ಇಂಚು ದಾರಿ. ಅಂದರೆ ಬರೀ ವೃತ್ತಕ್ಕೆ 6 ಇಂಚು ಸಾಕಾಗುವ ಕಡೆ ಗೇರ್‌ಗೆ 12 ಇಂಚು ಹೊಲಿಯಬೇಕು, 48 ಸಲ ಮೂಲೆ ತಿರುಗಬೇಕು. 48 ಮೂಲೆಯಲ್ಲಿ ಎಲ್ಲೋ ಒಂದು ಕಡೆ ಕೆಡದಿದ್ದರೆ ಆಶ್ಚರ್ಯ, ಅಲ್ವಾ?

ನಾನು ಮೊದಲ ಸಲ ಗೇರ್ ಹಿನ್ನೆಲೆ ಹೊಲಿದದ್ದು ಒಂದು ಸೈಕಲ್ ಚಿತ್ರದ ಸುತ್ತ. ಹಿಂಬದಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬರುತ್ತಿತ್ತು. ಇಡೀ ಸಂಜೆ ಟೆನ್ಷನ್ ಡಯಲ್ (ಮೇಲಿನ ದಾರದ ಬಿಗಿ ಬದಲಿಸುವ ಗುಂಡಿ) ತಿರುಗಿಸುತ್ತಾ ಕೂತೆ. 4ಕ್ಕೆ ಇಟ್ಟೆ, 6ಕ್ಕೆ ಇಟ್ಟೆ, 7ಕ್ಕೆ ಹೋದಾಗ ದಾರವೇ ಕಡಿಯಿತು. ಮರುದಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕುಣಿಕೆ ಇದ್ದದ್ದು ಹಲ್ಲಿನ ಮೂಲೆಗಳಲ್ಲಿ ಮಾತ್ರ. ನೆಟ್ಟಗಿನ ಗೆರೆಯಲ್ಲಿ ಹೊಲಿಗೆ ಚೆನ್ನಾಗೇ ಇತ್ತು. ಟೆನ್ಷನ್ ಕೆಟ್ಟಿದ್ದರೆ ಎಲ್ಲ ಕಡೆ ಕೆಡಬೇಕಿತ್ತು. ತಪ್ಪು ನನ್ನ ಕೈಯದ್ದು, ಮೂಲೆಯಲ್ಲಿ ಬಟ್ಟೆಯನ್ನು ಎಳೆದು ತಿರುಗಿಸುತ್ತಿದ್ದೆ.

ಅಂದಿನಿಂದ ಏನೇ ಕೆಡಲಿ, ಡಯಲ್ ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಚಕ್ರದ ಯಾವ ಜಾಗದಲ್ಲಿ ಕೆಟ್ಟಿದೆ? ಗೇರನ್ನು ಗಡಿಯಾರದ ಮುಖ ಅಂದುಕೊಂಡರೆ ಉತ್ತರ ಸುಲಭ. ಮೇಲ್ಗಡೆ 12, ನಿಮ್ಮ ಹೊಟ್ಟೆಯ ಕಡೆ 6. ಎಷ್ಟು ಗಂಟೆಗೆ ಕೆಟ್ಟಿತು ಅಂತ ಗೊತ್ತಾದರೆ ಯಾಕೆ ಕೆಟ್ಟಿತು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಮೊದಲು ಐದು ನಿಮಿಷದ ತಪಾಸಣೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ.

ಪೂರ್ತಿ ದಾರ ತೆಗೆದು ಮತ್ತೆ ಪೋಣಿಸಿ. ಪೋಣಿಸುವಾಗ ಫುಟ್ (ಸೂಜಿಯ ಸುತ್ತ ಬಟ್ಟೆಯ ಮೇಲೆ ಇಳಿಯುವ ಪಾದ) ಎತ್ತಿರಬೇಕು. ಎತ್ತಿದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ಬಾಯಿ ಬಿಡುತ್ತವೆ, ದಾರ ನಡುವೆ ಹೋಗಿ ಕೂರುತ್ತದೆ. ಫುಟ್ ಇಳಿಸಿಕೊಂಡು ಪೋಣಿಸಿದರೆ ದಾರ ಬಿಲ್ಲೆಗಳ ಹೊರಗೇ ಉಳಿಯುತ್ತದೆ. ಆಮೇಲೆ ಡಯಲ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಹೊಲಿಯಲು ಶುರು ಮಾಡುವಾಗ ಫುಟ್ ಇಳಿಸಿದ್ದೀರಾ ನೋಡಿ. ನಗಬೇಡಿ. ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆ ಸರಿಸಿ ಹೊಲಿಯಲು ಹಾಕುವ ಫ್ರೀ ಮೋಷನ್ ಫುಟ್ ಇಳಿಸಿದ ಮೇಲೂ ಬಟ್ಟೆಯಿಂದ ಸ್ವಲ್ಪ ಮೇಲೇ ಇರುತ್ತದೆ. ಹಾಗಾಗಿ ಇಳಿಸಿದೆವೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇಳಿಸದೆ ಹೊಲಿದರೆ ಹತ್ತೇ ಹೊಲಿಗೆಯಲ್ಲಿ ಕೆಳಗೆ ದಾರದ ಹಕ್ಕಿಗೂಡು ತಯಾರು.

ಸೂಜಿ ಬದಲಿಸಿ. 8 ಗಂಟೆ ಹೊಲಿದ ಮೇಲೆ ಬದಲಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಗೇರ್ ಹೊಲಿಯುವಾಗ ನಾನು ಅಷ್ಟು ಹೊತ್ತು ಕಾಯುವುದಿಲ್ಲ. 90/14 ಅಳತೆಯ ಟಾಪ್‌ಸ್ಟಿಚ್ ಅಥವಾ ಕ್ವಿಲ್ಟಿಂಗ್ ಸೂಜಿ ಈ ಕೆಲಸಕ್ಕೆ ಒಳ್ಳೆಯದು. 90 ಅಂದರೆ ಸೂಜಿಯ ದಪ್ಪ 0.9 ಮಿಮೀ. ಗೇರ್‌ನಲ್ಲಿ ಸೂಜಿ ನಾಲ್ಕೂ ದಿಕ್ಕಿಗೆ ಎಳೆತ ತಿನ್ನುತ್ತದೆ, ಸಣ್ಣ ಸೂಜಿ ಬೇಗ ಬಾಗುತ್ತದೆ. ಟಾಪ್‌ಸ್ಟಿಚ್ ಸೂಜಿಯ ಕಣ್ಣು ದೊಡ್ಡದು, ದಾರ ಉಜ್ಜುವುದು ಕಡಿಮೆ.

ಬಾಬಿನ್ (ಕೆಳಗಿನ ದಾರ ಸುತ್ತಿದ ಸಣ್ಣ ಉರುಳೆ) ಕೂರುವ ಕೇಸ್ ತೆಗೆದು ಬ್ರಷ್‌ನಿಂದ ಕಸ ತೆಗೆಯಿರಿ. ಕೇಸಿನ ಚಪ್ಪಟೆ ಸ್ಪ್ರಿಂಗ್ ಅಡಿಯಲ್ಲಿ ಒಂದು ಚೂರು ಹತ್ತಿ ನಾರು ಸಿಕ್ಕಿಕೊಂಡರೂ ಬಾಬಿನ್ ದಾರ ಸಡಿಲ ಬರುತ್ತದೆ. ಇನ್ನೊಂದು, ಬಟ್ಟೆಯನ್ನು ಅಡಿಯಿಂದ ತಳ್ಳುವ ಫೀಡ್ ಡಾಗ್ ಇಳಿಸಿದ್ದೀರಾ ನೋಡಿ. ಇಳಿಸುವ ವ್ಯವಸ್ಥೆ ಇಲ್ಲದ ಮೆಷಿನ್ ಆದರೆ ಹೊಲಿಗೆ ಉದ್ದವನ್ನು 0ಗೆ ಇಡಿ. (ಫೀಡ್ ಡಾಗನ್ನು ಕೆಲವರು ‘ಹಲ್ಲು’ ಅಂತಲೂ ಕರೆಯುತ್ತಾರೆ. ಇಲ್ಲಿ ನಾನು ಹಲ್ಲು ಅಂದರೆ ಗೇರ್‌ನ ಹಲ್ಲು ಅಂತಲೇ ತಿಳಿಯಿರಿ. ಇಲ್ಲದಿದ್ದರೆ ‘ಹಲ್ಲು ಇಳಿಸಿ ಹಲ್ಲು ಹೊಲಿಯಿರಿ’ ಅಂತಾಗುತ್ತದೆ.)

ಪರೀಕ್ಷೆಯ ತುಂಡು

ಕ್ವಿಲ್ಟ್‌ನಲ್ಲಿ ಬಳಸಿದ ಬಟ್ಟೆ, ಅದೇ ನಡುವಿನ ಹತ್ತಿ, ಅದೇ ಹಿಂಬದಿ ಬಟ್ಟೆ ತೆಗೆದುಕೊಂಡು 10 ಇಂಚಿನ ಚೌಕ ಮಾಡಿಕೊಳ್ಳಿ. ಮೇಲೆ ಒಂದು ಬಣ್ಣದ ದಾರ, ಬಾಬಿನ್‌ಗೆ ಬೇರೆ ಬಣ್ಣ. ಮೇಲೆ ಕೆಂಪು, ಕೆಳಗೆ ನೀಲಿ ಅಂದುಕೊಳ್ಳೋಣ. ಎರಡೂ ಒಂದೇ ಕಂಪನಿ, ಒಂದೇ ದಪ್ಪ ಇರಲಿ.

ಮೂರು ಆಕಾರ ಹೊಲಿಯಿರಿ. ಮೊದಲನೆಯದು 2 ಇಂಚಿನ ಬರೀ ವೃತ್ತ, ಗಡಿಯಾರದ ಮುಳ್ಳು ಹೋಗುವ ಕಡೆಗೆ. ಎರಡನೆಯದು ಅಷ್ಟೇ ದೊಡ್ಡ ವೃತ್ತ, ಉಲ್ಟಾ ದಿಕ್ಕಿಗೆ. ಮೂರನೆಯದು 12 ಹಲ್ಲಿನ ಗೇರ್. ಪ್ರತಿಯೊಂದರ 12 ಗಂಟೆಯ ಜಾಗದಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಇಲ್ಲದಿದ್ದರೆ ತುಂಡನ್ನು ತಿರುಗಿಸಿ ನೋಡುವಾಗ ಗಂಟೆ ಮರೆತುಹೋಗುತ್ತದೆ.

ವೃತ್ತವೇ ಯಾಕೆ? ವೃತ್ತ ಹೊಲಿದರೆ ಸೂಜಿ ಎಲ್ಲ ದಿಕ್ಕಿಗೂ ಒಂದೊಂದು ಸಲ ಹೋಗಿ ಬರುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಈಗ ತಿರುಗಿಸಿ ಹಿಂಬದಿ ನೋಡಿ. ಕ್ವಿಲ್ಟ್‌ನಲ್ಲಿ ಇದ್ದ ತೊಂದರೆ ಈ ಸಣ್ಣ ತುಂಡಿನಲ್ಲಿ ಮಾಯವಾಗಿದ್ದರೆ ಮೆಷಿನ್ ಸರಿ ಇದೆ. ಕ್ವಿಲ್ಟ್‌ನ ಭಾರ ನಿಮ್ಮನ್ನು ಎಳೆಯುತ್ತಿದೆ. ಅದರ ವಿಷಯ ಮುಂದೆ ಬರುತ್ತದೆ. ತುಂಡಿನಲ್ಲೂ ಅದೇ ತೊಂದರೆ ಇದ್ದರೆ ಓದುತ್ತಾ ಹೋಗಿ.

ಸುತ್ತಲೂ ಕೆಟ್ಟಿದೆ, ಗಂಟೆಯ ಭೇದವೇ ಇಲ್ಲ

ಹಿಂಬದಿಯಲ್ಲಿ 12ರಿಂದ 12ರ ತನಕ ಕೆಂಪು ಚುಕ್ಕೆ ಕಾಣುತ್ತಿದ್ದರೆ ಮೇಲಿನ ದಾರ ಸಡಿಲ. ಮುಂಬದಿಯಲ್ಲಿ ಸುತ್ತಲೂ ನೀಲಿ ಕಾಣುತ್ತಿದ್ದರೆ ಮೇಲಿನದು ಬಿಗಿ, ಅಥವಾ ಬಾಬಿನ್ ದಾರ ಕೇಸಿನ ಸ್ಪ್ರಿಂಗ್ ಅಡಿಗೆ ಹೋಗಿಲ್ಲ. ಎರಡೂ ದಾರದ ಗಂಟು ನಡುವಿನ ಹತ್ತಿಯೊಳಗೆ ಅಡಗಬೇಕು, ಅದೇ ಸರಿಯಾದ ಜಾಗ.

ಡಯಲ್ ಮುಟ್ಟಬಹುದಾದದ್ದು ಇದೊಂದೇ ಸಂದರ್ಭದಲ್ಲಿ. ಅರ್ಧ ಅರ್ಧ ಅಂಕಿಯಾಗಿ ಬದಲಿಸಿ, ಪ್ರತಿ ಸಲವೂ ಒಂದು ವೃತ್ತ ಹೊಲಿದು ನೋಡಿ. ಡಯಲ್ ತುದಿಗೆ ಹೋದರೂ ಸರಿಯಾಗದಿದ್ದರೆ ಮಾತ್ರ ಬಾಬಿನ್ ಕೇಸಿನ ಸ್ಕ್ರೂಗೆ ಕೈ ಹಾಕಿ. ಹಾಕುವ ಮುಂಚೆ ಸ್ಕ್ರೂ ಈಗ ಎಲ್ಲಿದೆ ಅಂತ ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಸಲಕ್ಕೆ ಐದು ನಿಮಿಷದಷ್ಟು ತಿರುವು ಸಾಕು.

ಒಂದೇ ಬದಿಯಲ್ಲಿ ಕೆಟ್ಟಿದೆ

ನನಗೆ ಬಹಳ ಇಷ್ಟವಾದ ಭಾಗ ಇದು. ಪತ್ತೇದಾರಿ ಕೆಲಸ ಇರುವುದೇ ಇಲ್ಲಿ.

ಮೊದಲ ವೃತ್ತದಲ್ಲಿ 2 ಗಂಟೆಯಿಂದ 4 ಗಂಟೆಯವರೆಗೆ ಹೊಲಿಗೆ ಬಿಟ್ಟುಬಿಟ್ಟು ಬಂದಿದೆ ಅಂದುಕೊಳ್ಳಿ. ಉಳಿದ ಕಡೆ ಚೆನ್ನಾಗಿದೆ. ಈಗ ಉಲ್ಟಾ ಹೊಲಿದ ಎರಡನೇ ವೃತ್ತ ನೋಡಿ. ಅಲ್ಲಿ ಕೆಟ್ಟ ಜಾಗ ಎದುರು ಬದಿಗೆ, ಅಂದರೆ 8ರಿಂದ 10ಕ್ಕೆ ಹೋಗಿದೆಯಾ? ಹೋಗಿದ್ದರೆ ಅದು ದಿಕ್ಕಿನ ತೊಂದರೆ. ಯಾಕೆಂದರೆ ಮೊದಲ ವೃತ್ತದಲ್ಲಿ 3 ಗಂಟೆಯ ಹತ್ತಿರ ಹೊಲಿಗೆ ನಿಮ್ಮ ಕಡೆಗೆ ಇಳಿಯುತ್ತಿತ್ತು. ಉಲ್ಟಾ ಹೊಲಿದಾಗ ಹಾಗೆ ಇಳಿಯುವುದು 9 ಗಂಟೆಯ ಹತ್ತಿರ. ಜಾಗ ಬೇರೆಯಾದರೂ ದಿಕ್ಕು ಒಂದೇ.

ಒಳಗೆ ಏನಾಗುತ್ತಿದೆ ನೋಡಿ. ಸೂಜಿ ಕೆಳಗೆ ಹೋಗಿ ಸ್ವಲ್ಪ ಮೇಲೆ ಬರುವಾಗ ದಾರ ಒಂದು ಸಣ್ಣ ಕುಣಿಕೆ ಬಿಡುತ್ತದೆ. ಕೆಳಗಿನ ಹುಕ್ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಹುಕ್ ಸೂಜಿಗೆ ತಾಗದೆ, ಆದರೆ ಬಹಳ ಹತ್ತಿರದಲ್ಲೇ ಹಾದುಹೋಗುತ್ತದೆ. ನೀವು ಬಟ್ಟೆ ಎಳೆದಾಗ ಸೂಜಿ ಬಾಗುತ್ತದೆ. ಹುಕ್‌ನಿಂದ ದೂರಕ್ಕೆ ಬಾಗಿದರೆ ಹುಕ್‌ಗೆ ಕುಣಿಕೆ ಸಿಗುವುದಿಲ್ಲ, ಹೊಲಿಗೆ ಬಿಟ್ಟುಹೋಗುತ್ತದೆ. ಹುಕ್‌ನ ಕಡೆಗೇ ಬಾಗಿದರೆ ‘ಟಿಕ್’ ಅಂತ ತಾಗುತ್ತದೆ, ದಾರ ಸೀಳುತ್ತದೆ, ಸೂಜಿ ತುದಿ ಮೊಂಡಾಗುತ್ತದೆ. ಒಂದು ಮಾತು ನೆನಪಿಡಿ: ಹೊಲಿಗೆ ಬಲಕ್ಕೆ ಹೋಗಬೇಕಾದರೆ ನೀವು ಬಟ್ಟೆಯನ್ನು ಎಡಕ್ಕೆ ಸರಿಸುತ್ತೀರಿ. ಸೂಜಿ ಬಾಗುವುದು ಬಟ್ಟೆ ಹೋಗುವ ಕಡೆಗೆ, ಗೆರೆ ಹೋಗುವ ಕಡೆಗಲ್ಲ. ಯಾವ ದಿಕ್ಕು ಕೆಟ್ಟದ್ದು ಅನ್ನುವುದು ನಿಮ್ಮ ಮೆಷಿನ್‌ನಲ್ಲಿ ಹುಕ್ ಯಾವ ಬದಿಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ಪರಿಹಾರವನ್ನು ಈ ಕ್ರಮದಲ್ಲಿ ಮಾಡಿ. ಮೊದಲು ಹೊಸ ಸೂಜಿ, ಚಪ್ಪಟೆ ಬದಿ ಸರಿಯಾದ ಕಡೆ ಇಟ್ಟು, ಪೂರ್ತಿ ಮೇಲಕ್ಕೆ ತಳ್ಳಿ ಬಿಗಿ ಮಾಡಿ. 80/12 ಹಾಕಿದ್ದರೆ 90/14 ಹಾಕಿ ನೋಡಿ. ಆಮೇಲೆ ಕೈ ನಿಧಾನ ಮಾಡಿ, ಪೆಡಲ್ ನಿಧಾನ ಮಾಡಬೇಡಿ. ಇದು ಹೊಸಬರಿಗೆ ಉಲ್ಟಾ ಅನಿಸುತ್ತದೆ. ಮೆಷಿನ್ ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದ್ದು, ಇಂಚಿಗೆ 10 ಹೊಲಿಗೆ ಬೇಕು ಅಂದರೆ ಕೈ ಸೆಕೆಂಡಿಗೆ 1 ಇಂಚು ಸರಿಯಬೇಕು. ಹೆದರಿ ಪೆಡಲ್ ಅರ್ಧಕ್ಕೆ ಇಳಿಸಿ ಕೈಯನ್ನು ಅದೇ ವೇಗದಲ್ಲಿ ಬಿಟ್ಟರೆ, ಒಂದೊಂದು ಹೊಲಿಗೆಗೂ ಎಳೆತ ಎರಡು ಪಟ್ಟು. ಸೂಜಿ ಇನ್ನೂ ಜಾಸ್ತಿ ಬಾಗುತ್ತದೆ.

ಅಷ್ಟಕ್ಕೂ ಸರಿಯಾಗದಿದ್ದರೆ ಫುಟ್‌ನ ಎತ್ತರ ನೋಡಿ. ಫುಟ್ ಬಹಳ ಮೇಲಿದ್ದರೆ ಸೂಜಿ ಏಳುವಾಗ ಬಟ್ಟೆಯೂ ಅದರ ಜೊತೆ ಎದ್ದುಬರುತ್ತದೆ, ಕುಣಿಕೆ ಸರಿಯಾಗಿ ಆಗುವುದೇ ಇಲ್ಲ. ಸೂಜಿ ಕೆಳಗಿದ್ದಾಗ ಫುಟ್ ಬಟ್ಟೆಯನ್ನು ಮೆಲ್ಲಗೆ ಸವರುವ ಹಾಗಿರಬೇಕು, ಒತ್ತಿ ಹಿಡಿಯಬಾರದು. ಸೂಜಿ ಇಳಿಯುವ ಜಾಗಕ್ಕೆ ಒಂದೇ ದುಂಡು ತೂತಿನ ಪ್ಲೇಟ್ ಇದ್ದರೆ ಹಾಕಿಕೊಳ್ಳಿ. ಅಗಲ ತೂತಿನೊಳಕ್ಕೆ ಬಟ್ಟೆ ಇಳಿಯುವುದು ನಿಲ್ಲುತ್ತದೆ. ಆದರೆ ಆ ಪ್ಲೇಟ್ ಹಾಕಿದ ಮೇಲೆ ಮರೆತು ಝಿಗ್‌ಝ್ಯಾಗ್ ಒತ್ತಿದರೆ ಸೂಜಿ ಹೋಯಿತು ಅಂತಲೇ ಲೆಕ್ಕ.

ಇಷ್ಟೆಲ್ಲ ಮಾಡಿದ ಮೇಲೂ, ಹೊಸ ಸೂಜಿಯಲ್ಲೂ, ನಿಧಾನದ ಕೈಯಲ್ಲೂ ಅದೇ ದಿಕ್ಕಿನಲ್ಲಿ ಹೊಲಿಗೆ ಬಿಡುತ್ತಿದ್ದರೆ ಹುಕ್ ಮತ್ತು ಸೂಜಿಯ ಟೈಮಿಂಗ್ ತಪ್ಪಿರಬಹುದು. ಅದು ರಿಪೇರಿಯವರ ಕೆಲಸ. ಹೋಗುವಾಗ ಆ ಪರೀಕ್ಷೆಯ ತುಂಡನ್ನೂ ತೆಗೆದುಕೊಂಡು ಹೋಗಿ, ಗಂಟೆ ತೋರಿಸಿ. ‘ಯಾಕೋ ಹೊಲಿಗೆ ಬಿಡ್ತಿದೆ’ ಅನ್ನುವುದಕ್ಕಿಂತ ಅದು ಹತ್ತು ಪಾಲು ಉಪಯೋಗ.

ಎರಡೂ ವೃತ್ತದಲ್ಲಿ ಒಂದೇ ಗಂಟೆಗೆ ಕೆಟ್ಟಿದ್ದರೆ? ಆಗ ದಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಬಟ್ಟೆಯಲ್ಲೇ ಅಲ್ಲೇನೋ ಇದೆ. ಜೋಡಿಸಿದ ಹೊಲಿಗೆಯ ದಪ್ಪ ಇರಬಹುದು, ಅಂಟು ಇರಬಹುದು. ನನ್ನ ಸೈಕಲ್ ಕ್ವಿಲ್ಟ್‌ನಲ್ಲಿ ಚಿತ್ರದ ಅಂಚಿಗೆ ತಾಗಿದ ಗೇರ್‌ಗಳಲ್ಲಿ ಮಾತ್ರ ದಾರ ಸೀಳಲು ಶುರುವಾಗುತ್ತಿತ್ತು. ಚಿತ್ರವನ್ನು ಇಸ್ತ್ರಿ ಅಂಟಿನಿಂದ ಕೂರಿಸಿದ್ದೆ. ಸೂಜಿ ಆ ಅಂಟನ್ನು ಮೆತ್ತಿಕೊಂಡು ಮುಂದಿನ ನಾಲ್ಕು ಗೇರ್‌ವರೆಗೂ ಹೊತ್ತುಕೊಂಡು ಹೋಗುತ್ತಿತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಸೂಜಿ ಒರೆಸಿದ ಮೇಲೆ ನಿಂತಿತು.

ಮೂಲೆಗಳಲ್ಲಿ ಮಾತ್ರ ಕೆಟ್ಟಿದೆ

ಬರೀ ವೃತ್ತ ಎರಡೂ ಚೆನ್ನಾಗಿವೆ, ಗೇರ್ ಮಾತ್ರ ಕೆಟ್ಟಿದೆ. ಆಗ ಮೆಷಿನ್‌ನ ಮೇಲೆ ಗೂಬೆ ಕೂರಿಸಬೇಡಿ. ಮೂಲೆಯಲ್ಲಿ ಏನು ಕಾಣುತ್ತದೆ ಅನ್ನುವುದರ ಮೇಲೆ ಮೂರು ಬಗೆ.

ಹಿಂಬದಿಯಲ್ಲಿ ಕಣ್ರೆಪ್ಪೆಯ ಹಾಗೆ ಸಾಲಾಗಿ ದಾರ ಚಾಚಿಕೊಂಡಿದ್ದರೆ, ಮೂಲೆಯಲ್ಲಿ ಕೈ ಓಡುತ್ತಿದೆ. ನೆಟ್ಟಗೆ ಹೋಗುವಾಗ ಹುಷಾರಾಗಿದ್ದು, ತಿರುವು ಬಂದ ಕೂಡಲೇ ‘ಬೇಗ ದಾಟಿಬಿಡೋಣ’ ಅಂತ ಎಳೆಯುತ್ತೇವೆ. ಮೇಲಿನ ದಾರ ಬಿಗಿಯಾಗಿ ಕೂರುವ ಮುಂಚೆಯೇ ಬಟ್ಟೆ ಸರಿದಿರುತ್ತದೆ. ಹಲ್ಲಿನ ತಲೆಯ ಎರಡು ಮೂಲೆಗಳಲ್ಲಿ ಇದು ಜಾಸ್ತಿ.

ಮೂಲೆಯಲ್ಲಿ ದಾರದ ಗುಡ್ಡೆ ಇದ್ದರೆ ಅದಕ್ಕೆ ಉಲ್ಟಾ. ಕೈ ನಿಂತಿದೆ, ಕಾಲು ನಿಂತಿಲ್ಲ. ಮುಂದೆ ಎತ್ತ ಹೋಗಬೇಕು ಅಂತ ಯೋಚಿಸುವ ಅರೆ ಕ್ಷಣದಲ್ಲಿ ಮೆಷಿನ್ ಅಲ್ಲೇ ನಾಲ್ಕು ಹೊಲಿಗೆ ಹಾಕಿರುತ್ತದೆ. ‘ಏರು, ತಲೆ, ಇಳಿ, ಸಂದು’ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಹೊಲಿಯಿರಿ. ಸುಮ್ನೆ ಹೇಳುತ್ತಿಲ್ಲ, ಕೈಗೆ ತಾಳ ಸಿಕ್ಕಿದರೆ ನಿಲ್ಲುವುದು ತಾನಾಗಿ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಇರುವವರು ಏನಾದರೂ ಅಂದುಕೊಳ್ಳಲಿ.

ಮೂರನೆಯದು, ಮೂಲೆ ಮೂಲೆಯಾಗಿರದೆ ಉರುಟಾಗಿ ಸವೆದ ಹಲ್ಲಿನ ಹಾಗೆ ಬರುವುದು. ಇದಕ್ಕೆ ಕಾರಣ ಹೊಲಿಗೆಯ ಉದ್ದ. ಹಲ್ಲಿನ ಬದಿ ಕಾಲು ಇಂಚು, ಅಂದರೆ ಸುಮಾರು 6 ಮಿಮೀ. ಇಂಚಿಗೆ 10 ಹೊಲಿಗೆ ಹಾಕಿದರೆ ಒಂದೊಂದು ಹೊಲಿಗೆ ಸುಮಾರು 2.5 ಮಿಮೀ, ಆ ಬದಿಗೆ ಎರಡೂವರೆ ಹೊಲಿಗೆ ಕೂರಬೇಕು. ಅರ್ಧ ಹೊಲಿಗೆ ಅಂತ ಇಲ್ಲವಲ್ಲ! ಹಾಗಾಗಿ ಸೂಜಿ ಮೂಲೆಯ ಮೇಲೆ ಬೀಳುವುದೇ ಇಲ್ಲ, ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಇಂಚಿಗೆ 12 ಹಾಕಿ. ಒಂದೊಂದೂ ಸುಮಾರು 2 ಮಿಮೀ, ಬದಿಗೆ ಸರಿಯಾಗಿ ಮೂರು. ಇಷ್ಟು ಮಾಡಿದ ಮೇಲೆ ಹಲ್ಲು ಚೂಪಾಗಿ ಬಂದದ್ದು ನೋಡಿ ನನಗೇ ನಂಬಿಕೆ ಬರಲಿಲ್ಲ.

ನಿಲ್ಲಿಸಿ ಹೊರಡುವಾಗ ಮಾತ್ರ ಕೆಳಗೆ ಕುಣಿಕೆ ಬರುತ್ತಿದ್ದರೆ ಬಾಬಿನ್ ನೋಡಿ. ಮೆಷಿನ್ ತಟ್ಟನೆ ನಿಂತರೂ ಬಾಬಿನ್ ತನ್ನ ಪಾಡಿಗೆ ಇನ್ನೊಂದು ಸುತ್ತು ತಿರುಗಿ ದಾರ ಬಿಟ್ಟಿರುತ್ತದೆ. ಬಾಬಿನ್ ಕೇಸಿನೊಳಗೆ ಹಾಕುವ ತೆಳು ವಾಷರ್ ಸಿಗುತ್ತದೆ, ಅದನ್ನು ಹಾಕಿದರೆ ಈ ಓಟ ತಗ್ಗುತ್ತದೆ.

ಗೊತ್ತು ಗುರಿ ಇಲ್ಲದೆ ಎಲ್ಲೆಂದರಲ್ಲಿ

ಒಂದು ಸಲ 5 ಗಂಟೆಗೆ, ಇನ್ನೊಂದು ಸಲ 11ಕ್ಕೆ, ಮತ್ತೊಂದು ಸಲ ನೆಟ್ಟಗಿನ ಗೆರೆಯಲ್ಲಿ ದಾರ ಕಡಿಯುತ್ತಿದೆ. ಹೀಗಿದ್ದರೆ ಸೂಜಿಯ ಕೆಳಗೆ ನೋಡಬೇಡಿ, ಮೇಲೆ ನೋಡಿ. ದಾರದ ಉಂಡೆಯ ಅಂಚಿನಲ್ಲಿ ದಾರ ಸಿಕ್ಕಿಸಲು ಮಾಡಿದ ಸೀಳು ಇರುತ್ತದಲ್ಲ, ಬಿಚ್ಚಿಕೊಳ್ಳುವ ದಾರ ಅದಕ್ಕೇ ಹೋಗಿ ತಗಲಿಕೊಳ್ಳುತ್ತದೆ. ಉಂಡೆಯನ್ನು ತಲೆಕೆಳಗೆ ಹಾಕಿ ನೋಡಿ. ಅಡ್ಡಡ್ಡ ಹೆಣೆದ ಹಾಗೆ ಸುತ್ತಿದ ಉಂಡೆ ತಲೆಯ ಮೇಲಿಂದ ಬಿಚ್ಚಿಕೊಳ್ಳಬೇಕು. ಒಂದರ ಪಕ್ಕ ಒಂದು ಸಾಲಾಗಿ ಸುತ್ತಿದ್ದು ಬದಿಯಿಂದ ಬಿಚ್ಚಿಕೊಳ್ಳಬೇಕು. ಕೈಯಿಂದ ಒಂದು ಅಡಿ ದಾರ ಎಳೆದು ತುಂಡು ಮಾಡಿ ನೋಡಿ. ಸುಲಭವಾಗಿ ‘ಪಟ್’ ಅಂತ ಹೋದರೆ ದಾರ ಹಳತಾಗಿದೆ, ಅದನ್ನು ಕಚ್ಚಾ ಹೊಲಿಗೆಗೆ ಇಟ್ಟುಕೊಳ್ಳಿ.

ಸೂಜಿಯೇ ಮುರಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಒಂದೇ: ಸೂಜಿ ಬಟ್ಟೆಯೊಳಗೆ ಇರುವಾಗ ಎಳೆದಿದ್ದೀರಿ, ಬಾಗಿದ ಸೂಜಿ ಪ್ಲೇಟ್‌ಗೆ ಹೊಡೆದಿದೆ. ಮುರಿದ ತುಂಡನ್ನು ಹುಡುಕಿ ತೆಗೆಯುವ ತನಕ ಮೆಷಿನ್ ತಿರುಗಿಸಬೇಡಿ. ಪ್ಲೇಟ್‌ನ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡಿ, ಗೀರು ಬಿದ್ದಿದ್ದರೆ ಮುಂದಿನ ದಾರವೂ ಅಲ್ಲೇ ಸೀಳುತ್ತದೆ.

ಚಕ್ರ ಮೊಟ್ಟೆಯಾಗಿದೆ

ಹೊಲಿಗೆ ಚೆನ್ನಾಗಿದೆ, ಆಕಾರ ಕೆಟ್ಟಿದೆ. ಇಲ್ಲೂ ಗಡಿಯಾರ ಸಹಾಯಕ್ಕೆ ಬರುತ್ತದೆ. ಕ್ವಿಲ್ಟ್ ಮೇಲಿನ ಐದಾರು ಗೇರ್ ನೋಡಿ. ಎಲ್ಲವೂ ಒಂದೇ ಕಡೆಗೆ, ಉದಾಹರಣೆಗೆ 12ರಿಂದ 6ಕ್ಕೆ ಉದ್ದವಾಗಿ ಎಳೆದ ಹಾಗಿದ್ದರೆ ಕ್ವಿಲ್ಟ್‌ನ ಭಾರ ಎಳೆಯುತ್ತಿದೆ. ಮೇಜಿನ ಮುಂದೆ ನಿಮ್ಮ ಮಡಿಲಿಗೆ ಅಥವಾ ಎಡಕ್ಕೆ ನೆಲದವರೆಗೆ ಅದು ಜೋತುಬಿದ್ದಿರುತ್ತದೆ. ಜೋತುಬಿದ್ದ ಕಡೆಗೆ ಬಟ್ಟೆ ಜಾರಿಕೊಂಡು ಹೋಗುತ್ತದೆ, ಹೊಲಿಗೆ ಉದ್ದ. ವಾಪಸ್ ತರುವಾಗ ಏದುಸಿರು, ಹೊಲಿಗೆ ಗಿಡ್ಡ. ಎಡಕ್ಕೆ ಇನ್ನೊಂದು ಮೇಜು ಜೋಡಿಸಿ. ಹೊಲಿಯುವ ಜಾಗದ ಸುತ್ತ ಒಂದಿಷ್ಟು ಬಟ್ಟೆಯನ್ನು ಸಡಿಲವಾಗಿ ಗುಡ್ಡೆ ಮಾಡಿಟ್ಟುಕೊಳ್ಳಿ. ಆ ಗುಡ್ಡೆ ಕರಗುವವರೆಗೆ ಭಾರ ನಿಮಗೆ ತಾಗುವುದಿಲ್ಲ. ರಬ್ಬರ್ ಚುಕ್ಕೆಯ ಕೈಗವಸು ಹಾಕಿದರೆ ಒತ್ತಿ ಹಿಡಿಯುವ ಶ್ರಮವೂ ಕಡಿಮೆ.

ಒಂದೊಂದು ಗೇರ್ ಒಂದೊಂದು ಕಡೆಗೆ ಸೊಟ್ಟಗಿದ್ದರೆ ಅದು ಕೈಯ ಅಭ್ಯಾಸದ ಮಾತು. ಸೂಜಿಯನ್ನೇ ನೋಡಬೇಡಿ, ಹೋಗಬೇಕಾದ ಜಾಗ ನೋಡಿ. ಕೈ ಬದಲಿಸಿ ಹಿಡಿಯಬೇಕಾದಾಗ ಸೂಜಿ ಕೆಳಗಿಟ್ಟು ಹಲ್ಲಿನ ಸಂದಿನಲ್ಲಿ ನಿಲ್ಲಿಸಿ, ವಕ್ರ ಗೆರೆಯ ನಡುವೆ ನಿಲ್ಲಿಸಬೇಡಿ.

ಕೊನೆಯ ಹಲ್ಲು ದಪ್ಪಗೋ ಸಣಕಲಾಗೋ ಬರುವುದು ಎಲ್ಲರಿಗೂ ಆಗುವುದೇ. 12, 3, 6, 9ರಲ್ಲಿ ನಾಲ್ಕು ಚುಕ್ಕೆ ಇಟ್ಟುಕೊಂಡು, ಪ್ರತಿ ಕಾಲು ಭಾಗಕ್ಕೆ ಮೂರು ಹಲ್ಲು ಅಂತ ಹೊಲಿಯಿರಿ. ತಪ್ಪು ಕಾಲು ಭಾಗದೊಳಗೇ ಹಂಚಿಹೋಗುತ್ತದೆ. ಇಲ್ಲದಿದ್ದರೆ ಇನ್ನೊಂದು ಉಪಾಯ ಇದೆ: ಕೊನೆಯ ಹಲ್ಲು ಬರುವ ಜಾಗಕ್ಕೆ ಪಕ್ಕದ ಗೇರನ್ನು ಮೊದಲೇ ಹೊಲಿದಿಡಿ. ಇದು ಅದರ ಹಿಂದೆ ಅಡಗಿದ ಹಾಗೆ ಕಾಣುತ್ತದೆ, ಹಲ್ಲೇ ಬೇಕಾಗುವುದಿಲ್ಲ. ಇದನ್ನು ಮೋಸ ಅನ್ನುವವರು ಗೇರ್ ಹಿನ್ನೆಲೆ ಹೊಲಿದಿಲ್ಲ ಅಂತ ಅರ್ಥ.

ಗುರುತು ಹಾಕುವ ಪೆನ್ನಿನ ಬಗ್ಗೆ ಒಂದೇ ಮಾತು. ಇಸ್ತ್ರಿಯ ಶಾಖಕ್ಕೆ ಮಾಯವಾಗುವ ಗುರುತು ಜಾಸ್ತಿ ಚಳಿಯಲ್ಲಿ ಮತ್ತೆ ಮೂಡಬಹುದು. ನೀರಿಗೆ ಹೋಗುವ ನೀಲಿ ಗುರುತಿನ ಮೇಲೆ ಇಸ್ತ್ರಿ ಹಾಕಿದರೆ ಅದು ಅಲ್ಲೇ ಉಳಿದುಬಿಡಬಹುದು.

ಒಳಗೆ ಸಿಕ್ಕಿಹಾಕಿಕೊಂಡೆ

ಹೊರಗಿನ ಹಲ್ಲೆಲ್ಲ ಹೊಲಿದು, ಒಳಗಿನ ಬಳೆ ಹೊಲಿದು, ನಡುವಿನ ಗುಂಬಕ್ಕೆ ಬಂದಿರಿ. ಈಗ ಹೊರಗೆ ಹೋಗುವುದು ಹೇಗೆ? ದಾರ ಕಡಿಯಬೇಕು, ಇಲ್ಲವೇ ಹೊಲಿದದ್ದರ ಮೇಲೇ ಹೊಲಿದು ಬರಬೇಕು. ಇದು ಮೆಷಿನ್‌ನ ದೋಷ ಅಲ್ಲ, ದಾರಿಯ ದೋಷ.

ಒಳಗಿಂದ ಹೊರಗೆ ಹೊಲಿಯಿರಿ. ಪಕ್ಕದ ಗೇರ್‌ನ ಹಲ್ಲು ಕಚ್ಚುವ ಜಾಗದಿಂದ ನೆಟ್ಟಗೆ ನಡುವಿಗೆ ಬನ್ನಿ, ಆ ಗೆರೆ ಒಂದು ಕಡ್ಡಿಯಾಗುತ್ತದೆ. ನಡುವಿನ ಗುಂಬ ಸುತ್ತಿ. ಬಂದ ಗೆರೆಯ ಪಕ್ಕದಲ್ಲೇ ಕಾಲು ಇಂಚಿನ ಅರ್ಧದಷ್ಟು ಬಿಟ್ಟು ಹೊರಗೆ ಬನ್ನಿ, ಕಡ್ಡಿಗೆ ದಪ್ಪ ಬಂತು. ಉಳಿದ ಕಡ್ಡಿಗಳನ್ನೂ ಹೀಗೇ ಒಳಗೆ ಹೋಗಿ ಹೊರಗೆ ಬಂದು ಮುಗಿಸಿ. ಆಮೇಲೆ ಒಳಬಳೆ, ಕೊನೆಗೆ ಹಲ್ಲು. ಮುಗಿಯುವಾಗ ನೀವು ಅಂಚಿನಲ್ಲೇ ಇರುತ್ತೀರಿ, ಮುಂದಿನ ಗೇರ್ ಪಕ್ಕದಲ್ಲೇ ಇರುತ್ತದೆ.

ಹೊಲಿದದ್ದರ ಮೇಲೆ ಹೊಲಿಯುವುದು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಒಂದೇ ಗೆರೆಯ ಮೇಲೆ ಮೂರು ಸಲ ಹೋದರೆ ಅಲ್ಲಿ ಕಪ್ಪಗೆ ದಪ್ಪ ಕಾಣುತ್ತದೆ. 40ರ ಬದಲು 50 ಅಥವಾ 60 ನಂಬರಿನ ದಾರ ಹಾಕಿ, ನಂಬರ್ ಹೆಚ್ಚಾದಷ್ಟೂ ದಾರ ತೆಳು. ಬಟ್ಟೆಯ ಬಣ್ಣಕ್ಕೆ ಹತ್ತಿರದ ಬಣ್ಣ ಆದರೆ ಇನ್ನೂ ಒಳ್ಳೆಯದು. ಗೇರ್ ಅಂತ ಬೂದು ಬಣ್ಣದ ಬಟ್ಟೆಗೆ ಮಿಂಚುವ ತಾಮ್ರದ ಬಣ್ಣದ ದಾರ ಹಾಕುವ ಆಸೆ ನನಗೂ ಇತ್ತು. ಹಾಕಿದೆ. ಪ್ರತಿ ತಪ್ಪೂ ಮಿಂಚಿತು.

ಹಿಂಬದಿಯಲ್ಲಿ ನೆರಿಗೆ, ಮುಂಬದಿಯಲ್ಲಿ ಉಬ್ಬು

ವೃತ್ತ ಹೊಲಿಯುತ್ತಾ ಹೋದಾಗ ಸಡಿಲ ಬಟ್ಟೆ ಎಲ್ಲಿಗೂ ಓಡಲಾರದೆ ವೃತ್ತ ಮುಚ್ಚುವ ಜಾಗದಲ್ಲಿ ನೆರಿಗೆಯಾಗಿ ನಿಲ್ಲುತ್ತದೆ. ಗೇರ್ ಮುಗಿದ ಜಾಗದಲ್ಲೇ ನೆರಿಗೆ ಬಿದ್ದಿದೆ ಅಂದರೆ ಪದರಗಳನ್ನು ಸರಿಯಾಗಿ ಕಚ್ಚಿ ಹಿಡಿದಿಲ್ಲ. ಪಿನ್ನುಗಳ ನಡುವೆ ಒಂದು ಅಂಗೈ ಅಗಲಕ್ಕಿಂತ ಜಾಸ್ತಿ ಜಾಗ ಬಿಡಬೇಡಿ. ಹಿಂಬದಿ ಬಟ್ಟೆಯನ್ನು ಮೇಜಿಗೆ ಟೇಪ್ ಹಾಕಿ ಬಿಗಿ ಮಾಡಿಕೊಂಡು ಆಮೇಲೆ ಪದರ ಹಾಕಿ. ಗೇರ್ ಶುರು ಮಾಡುವ ಮುಂಚೆ ಚಿತ್ರದ ಅಂಚು ಮತ್ತು ಜೋಡಣೆಯ ಗೆರೆಗಳನ್ನು ಹೊಲಿದು ಇಡೀ ಕ್ವಿಲ್ಟನ್ನು ಒಂದು ಹದಕ್ಕೆ ತಂದುಕೊಳ್ಳಿ.

ಮುಂಬದಿಯ ತೊಂದರೆ ಬೇರೆ. ಹಲ್ಲಿನ ಹತ್ತಿರ ಹೊಲಿಗೆ ಒತ್ತೊತ್ತಾಗಿದೆ, ಗೇರ್‌ನ ಹೊಟ್ಟೆ ಖಾಲಿ. ಖಾಲಿ ಹೊಟ್ಟೆ ದಿಂಬಿನ ಹಾಗೆ ಉಬ್ಬುತ್ತದೆ, ನಡುವಿನ ಚಿತ್ರಕ್ಕಿಂತ ಹಿನ್ನೆಲೆಯೇ ಮುಂದೆ ಬರುತ್ತದೆ. ಹಿನ್ನೆಲೆ ಹಿಂದೆ ಕೂರಬೇಕಾದರೆ ಅದು ಚಿತ್ರಕ್ಕಿಂತ ಒತ್ತಾಗಿರಬೇಕು, ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಮ ಇರಬೇಕು. ದೊಡ್ಡ ಗೇರ್‌ನ ಒಳಗೆ ಕಡ್ಡಿ, ಬಳೆ, ರಿವೆಟ್‌ನಂಥ ಸಣ್ಣ ಸೊನ್ನೆ ಹಾಕಿ. ಗೇರ್‌ಗಳ ನಡುವಿನ ಮೂಲೆ ಮುಡುಕಿಗೆ ಸ್ಪ್ರಿಂಗ್ ಹೊಲಿಯಿರಿ, ಅದು ಬಹಳ ಸುಲಭ, ಸುರುಳಿ ಅಷ್ಟೇ. ಕ್ವಿಲ್ಟ್ ಅಂಚು ಅಲೆ ಅಲೆಯಾಗಿದ್ದರೆ ನಡುವೆ ಜಾಸ್ತಿ ಹೊಲಿದು ಅಂಚಿಗೆ ಕಡಿಮೆ ಹೊಲಿದಿದ್ದೀರಿ. ಅಂಚಿಗೂ ಅಷ್ಟೇ ಹೊಲಿದರೆ ಬಹುಮಟ್ಟಿಗೆ ಕೂರುತ್ತದೆ.

ಎಲ್ಲ ಸರಿ ಇದೆ, ಆದರೂ ಏನೋ ಸರಿ ಕಾಣುತ್ತಿಲ್ಲ

ಇದು ಹೊಲಿಗೆಯ ದೋಷ ಅಲ್ಲ, ಯಂತ್ರದ ದೋಷ. ಹೊಲಿಗೆ ಯಂತ್ರದ್ದಲ್ಲ, ನೀವು ಬರೆದ ಯಂತ್ರದ್ದು. ಒಂದಕ್ಕೊಂದು ಕಚ್ಚುವ ಗೇರ್‌ಗಳ ಹಲ್ಲು ಒಂದೇ ಅಳತೆ ಇರಬೇಕು, ಚಕ್ರ ದೊಡ್ಡದಾದರೆ ಹಲ್ಲಿನ ಸಂಖ್ಯೆ ಹೆಚ್ಚಬೇಕು. ಹಲ್ಲಿನ ಗಾತ್ರ ಹೆಚ್ಚಬಾರದು. 2 ಇಂಚಿಗೆ 12 ಹಲ್ಲಾದರೆ 3 ಇಂಚಿಗೆ 18. ದೊಡ್ಡ ಗೇರ್‌ಗೆ ದೊಡ್ಡ ಹಲ್ಲು ಹಾಕಿದರೆ ಪಕ್ಕದ ಸಣ್ಣ ಗೇರ್ ಜೊತೆ ಅದು ಕಚ್ಚುವ ಹಾಗೆ ಕಾಣುವುದೇ ಇಲ್ಲ.

ಇನ್ನೊಂದು ವಿಷಯ ನನಗೆ ತೋರಿಸಿಕೊಟ್ಟವರು ಯಂತ್ರದ ಕೆಲಸ ಗೊತ್ತಿದ್ದ ಒಬ್ಬರು. ಕ್ವಿಲ್ಟ್ ನೋಡಿ, ಹೊಲಿಗೆ ಹೊಗಳಿ, ಒಂದು ಮೂಲೆಗೆ ಬೆರಳಿಟ್ಟು ‘ಇದು ತಿರುಗಲ್ಲ’ ಅಂದರು. ಅಲ್ಲಿ ಮೂರು ಗೇರ್ ತ್ರಿಕೋನವಾಗಿ ಒಂದನ್ನೊಂದು ಕಚ್ಚಿಕೊಂಡಿದ್ದವು. ಕಚ್ಚಿದ ಗೇರ್‌ಗಳು ಉಲ್ಟಾ ದಿಕ್ಕಿಗೆ ತಿರುಗಬೇಕು. ಮೊದಲನೆಯದು ಬಲಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ. ಆದರೆ ಮೂರನೆಯದು ಮೊದಲನೆಯದನ್ನೂ ಕಚ್ಚಿದೆ, ಎರಡೂ ಬಲಕ್ಕೇ! ಅಲ್ಲಿಗೆ ಮೂರೂ ಬಿಗಿ. ಬಿಚ್ಚುವ ಮನಸ್ಸಾಗಲಿಲ್ಲ. ಮುಂದಿನ ಕ್ವಿಲ್ಟ್‌ನಲ್ಲಿ ಮೂರನೆಯದನ್ನು ಮೊದಲನೆಯದರಿಂದ ಅರ್ಧ ಇಂಚು ದೂರ ಸರಿಸಿ, ಎರಡಕ್ಕೂ ಸೇರಿಸಿ ಒಂದು ಬೆಲ್ಟ್ ಹೊಲಿದೆ. ಬೆಲ್ಟ್ ಹಾಕಿದ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಅದು ತಿರುಗುತ್ತದೆ.